ಮಾತಾಡದ ಮಗುವಿನ ಮಾತು



ಸಕ್ರೆಬೈಲಿನ ಕಡೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ವಿಷಯ ಹೇಳಲು ಹೋದ ಮನೆಯಲ್ಲಿ ನಾನೇ ಪಾಠ ಕಲಿತು ಬಂದೆ. ಆ ಮನೆಯ ಹುಡುಗನಿಗೆ ಆಟಿಸಂ ಇದೆ, ಮಾತು ಬಂದಿಲ್ಲ. ಸಲಿಗೆಗೆಂದು ಒಂದು ಚೂರು ಬೆಲ್ಲ ಕೊಟ್ಟೆ. ಕೈ ತಳ್ಳಿದ. ನಾಚಿಕೆಯೆಂದು ಮತ್ತೆ ಕೊಟ್ಟೆ, ಮುಖ ತಿರುಗಿಸಿದ. ಮೂರನೆಯ ಸಲ ಕೈಗೆ ತುರುಕಿದಾಗ ಎಸೆದು ಕಿರುಚಿದ. “ಬಹಳ ಹಠ” ಎಂದೆ. ಅವನ ಅಜ್ಜಿ, “ಎರಡು ಸಲ ಬೇಡ ಅಂದ್ನಲ್ಲ ಸಾರ್, ನೀವು ಕೇಳಿಸಿಕೊಳ್ಳಲಿಲ್ಲ” ಎಂದರು. ವಾರದೊಳಗೆ ತಿಳಿಯಿತು, ಅವನ ದವಡೆ ಹಲ್ಲು ಹುಳುಕಾಗಿತ್ತು.

ಬಿಡಾರದ ಮಾವುತರು ಆನೆಯ ಕಿವಿ, ಸೊಂಡಿಲು ನೋಡಿಯೇ ಅದರ ಮನಸ್ಸು ತಿಳಿಯುತ್ತಾರೆ. ಹಾಗೆ ಗಮನಿಸುವ ಕಣ್ಣು ಇಲ್ಲಿಯೂ ಬೇಕು. ಆದರೆ ಇದು ಮನುಷ್ಯರ ಮಗು. ಮಾತು ಬಾರದಿದ್ದರೂ ನಮ್ಮ ಮಾತು ಅದಕ್ಕೆ ಅರ್ಥವಾಗುತ್ತಿರಬಹುದು. ಆದ್ದರಿಂದ ಅದರ ಎದುರಿಗೇ “ಇವನಿಗೆ ಏನೂ ತಿಳಿಯುವುದಿಲ್ಲ” ಎನ್ನಬಾರದು.

ಮೈಸೂರು, ಬೆಂಗಳೂರುಗಳಲ್ಲಿ ಬಾಲ್ಯ ಕಳೆದ ಟಿಟೊ ರಾಜರ್ಷಿ ಮುಖೋಪಾಧ್ಯಾಯರಿಗೂ ಮಾತು ಬಂದಿರಲಿಲ್ಲ. ಅವರು ಬಾಲಕನಾಗಿದ್ದಾಗ ಬರೆದ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ತಾಯಿ ಅಕ್ಷರದ ಹಲಗೆ ಹಿಡಿದು ಅವರಿಗೆ ಕಲಿಸಿದ್ದರು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಗುವಿನ ಕೈಯನ್ನು ದೊಡ್ಡವರು ಹಿಡಿದು, ಇಲ್ಲವೇ ಹಲಗೆಯನ್ನು ಅವರೇ ಆಡಿಸುತ್ತ ಬರೆಸಿದರೆ, ಆ ಮಾತು ಯಾರದು? ತಿಳಿಯದೆಯೇ ಹಿಡಿದವರ ಮಾತಾಗಿಬಿಡುತ್ತದೆ. ಇದೇ ಕಾರಣದಿಂದ ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘವು 2018ರಲ್ಲಿ ಇಂಥ ಕ್ರಮಗಳನ್ನು ಬಳಸಬಾರದೆಂದು ತಿಳಿಸಿತು. ಯಾರಾದರೂ ಹಣ ಕೇಳಿ ಹೀಗೆ ಬರೆಸುತ್ತೇವೆಂದರೆ ನಂಬಬೇಡಿ. ಬೆರಳು ಮಗುವಿನದೇ ಆಗಿರಲಿ, ಬೇರೆಯವರ ಕೈ ತಗಲದಿರಲಿ.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಹಾಲು, ಮಜ್ಜಿಗೆ ಎರಡನ್ನೂ ಎದುರಿಗೆ ಹಿಡಿದು, ಬಾಯಿಯಿಂದಲೂ ಹೇಳಿ, ಕಾಯಿರಿ. ನಾವು ತಾಳುವುದಕ್ಕಿಂತ ಹೆಚ್ಚು ಹೊತ್ತು ಬೇಕಾದೀತು. ನೀರು, ಊಟ, ನೋವು, ಬಚ್ಚಲು ಇವುಗಳ ಚಿತ್ರಗಳನ್ನು ರಟ್ಟಿಗೆ ಅಂಟಿಸಿಡಿ. “ಬೇಡ” ಎಂಬುದಕ್ಕೂ ಒಂದು ಚಿತ್ರ ಇರಲೇಬೇಕು. ಚಿತ್ರ ಕೊಟ್ಟರೆ ಮಾತು ನಿಂತುಹೋಗುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಔಷಧಿಯಂಥ ಬಿಡಲಾಗದ ಸಂಗತಿ ಬಂದಾಗ “ಬೇಡ ಅಂದೆ, ತಿಳಿಯಿತು, ಆದರೂ ಕುಡಿಯಬೇಕು” ಎಂದು ಹೇಳಿಯೇ ಕುಡಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಚಿತ್ರ, ಸನ್ನೆ, ಯಂತ್ರ ಇವೆಲ್ಲವನ್ನೂ ಆ ಕಾಯಿದೆ ಸಂವಹನವೆಂದೇ ಎಣಿಸುತ್ತದೆ. ಪರೀಕ್ಷೆಗೆ, ಸಲಹೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಗುರುತಿನ ಚೀಟಿಯ ವಿಚಾರವನ್ನು ಪಂಚಾಯಿತಿಯಲ್ಲಿ ಕೇಳಿ.

ಮೊನ್ನೆ ಆ ಮನೆಗೆ ಮತ್ತೆ ಹೋಗಿದ್ದೆ. ಅಜ್ಜಿ ಹಳೆಯ ಕ್ಯಾಲೆಂಡರಿನಿಂದ ಚಿತ್ರ ಕತ್ತರಿಸಿ ದಾರದಲ್ಲಿ ಪೋಣಿಸಿದ್ದರು. ಹುಡುಗ ನನ್ನನ್ನು ನೋಡಿ “ಬೇಡ” ಎಂಬ ರಟ್ಟು ಎತ್ತಿ ಹಿಡಿದ. ನಾನು ಜಗಲಿಯಲ್ಲೇ ಕೂತು ಕಾಫಿ ಕುಡಿದೆ.