ಡಾಕ್ಟರು ಅಂಜಿದರೆ ನಾಯಿಗೆ ಸೂಜಿ ಹೇಗೆ?

ತುಳಸಿಗೇರಿಯಿಂದ ಮುಧೋಳ ದೂರವಲ್ಲ. ನಮ್ಮ ಹೊಲಗಳಲ್ಲಿ, ಕುರಿಹಟ್ಟಿಗಳಲ್ಲಿ ಮುಧೋಳ ನಾಯಿ ಹೊಸದೇನಲ್ಲ. ಹೋರಿಗೆ ಹೆದರದ ಪಶುವೈದ್ಯರೂ ಇದರೆದುರು ಒಂದು ಹೆಜ್ಜೆ ಹಿಂದೆ ಸರಿಯುವುದುಂಟು. ಅವರನ್ನು ಅಂದು ಫಲವಿಲ್ಲ. ಗುರುತಿಲ್ಲದವರು ಮೈ ಮುಟ್ಟುವುದು ಈ ತಳಿಗೆ ಸೇರುವುದಿಲ್ಲ. "ನಮ್ ನಾಯಿ ಕಚ್ಚಂಗಿಲ್ರಿ" ಎಂಬ ಮಾತನ್ನು ಒಮ್ಮೆ ಕಚ್ಚಿಸಿಕೊಂಡ ಡಾಕ್ಟರು ನಂಬುವುದಿಲ್ಲ ಬಿಡಿ!

ಆದರೆ ಈ ಅಂಜಿಕೆಯಿಂದ ರೇಬೀಸ್ ಲಸಿಕೆ ತಪ್ಪಬಾರದು. ಲಕ್ಷಣ ಕಂಡ ಮೇಲೆ ನಾಯಿಗೂ ಮನುಷ್ಯರಿಗೂ ಮದ್ದಿಲ್ಲ. ಮರಿಗೆ 3 ತಿಂಗಳಾದಾಗ ಮೊದಲ ಸೂಜಿ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷವರ್ಷ.

"ಮುಧೋಳ ನಾಯಿ ತರ್ತೀನ್ರಿ" ಎಂದು ಮೊದಲೇ ತಿಳಿಸಿ, ದವಾಖಾನೆಯಲ್ಲಿ ಗದ್ದಲ ಕಡಿಮೆ ಇರುವ ಹೊತ್ತು ಕೇಳಿಕೊಳ್ಳಿ. ಇದರ ತಲೆ ಸಪೂರ, ಕುತ್ತಿಗೆಪಟ್ಟಿ ಜಾರಿಬಿಡುತ್ತದೆ. ಅಗಲ ಪಟ್ಟಿಯೇ ಬೇಕು. ಬಾಯಿಯನ್ನು ಸಾಕಿದವರೇ ಕಟ್ಟಬೇಕು. ಮೆತ್ತನೆಯ ಅರಿವೆ ಪಟ್ಟಿಯನ್ನು ಮೂತಿಗೆ ಸುತ್ತಿ ಮೇಲೊಂದು ಗಂಟು, ಗದ್ದದ ಕೆಳಗೊಂದು, ಕಿವಿಯ ಹಿಂದೆ ಜಾರುಗಂಟು. ಸೂಜಿ ಆದೊಡನೆ ಬಿಚ್ಚಿ. ಬಾಯಿ ಕಟ್ಟಿದ ನಾಯಿ ತೇಕಲಾರದು, ನಮ್ಮ ಬ್ಯಾಸಿಗೆಯಲ್ಲಿ ಅದು ಅಪಾಯ. ವಾಂತಿ ಮಾಡುವ, ಏದುಸಿರು ಬಿಡುವ ನಾಯಿಗೆ ಕಟ್ಟಲೇಬೇಡಿ. ತಲೆ ನೀವು ಹಿಡಿಯಿರಿ, ಡಾಕ್ಟರು ಪಕ್ಕದಿಂದ ಬರಲಿ, ಎದುರಿನಿಂದ ಬೇಡ.

ಮರಿಯಿದ್ದಾಗಲೇ ಕಿವಿ, ಬಾಯಿ, ಪಾದ ಬೇರೆಯವರಿಂದಲೂ ಮುಟ್ಟಿಸಿ ರೂಢಿ ಮಾಡಿದರೆ ಇಷ್ಟೆಲ್ಲ ಬೇಕಾಗುವುದಿಲ್ಲ.

ಮತ್ತಿನ ಮದ್ದು ಕೊಡುವ ಪ್ರಸಂಗ ಬಂದರೆ ಇದು ಬೇಟೆನಾಯಿ ಜಾತಿ ಎಂದು ನೆನಪಿಸಿ. ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಮದ್ದುಗಳ ಮತ್ತು ಬೇಗ ಇಳಿಯುವುದಿಲ್ಲ.

ಅಷ್ಟಾಗಿಯೂ ಡಾಕ್ಟರು ಒಪ್ಪದಿದ್ದರೆ? ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಯವರಿಗೆ ಈ ತಳಿಯೊಂದಿಗೇ ದಿನಗೆಲಸ. ಹೋಗಿ ವಿಚಾರಿಸಿ.