ದಿಂಡಿಗಲ್ಲಿನ ಎಲೆಯಲ್ಲಿ ಪೆರುವಿನ ಪಾಲು

ಪೆರು ದೇಶದ ಭೋಜನಶಾಲೆಗೆ ಊಟಕ್ಕೆ ಹೋದವನು ತನ್ನ ನಾಲಗೆಗೆ ಸರ್ವಥಾ ಅಪರಿಚಿತವಾದ ಲೋಕವನ್ನು ಹೊಗುವನೆಂದೂ, ತಮಿಳುನಾಡಿನ ದಿಂಡಿಗಲ್ಲಿನ ಬಿರಿಯಾನಿ ಹೋಟೆಲಿನಲ್ಲಿ ಬಾಳೆಯೆಲೆಯ ಮುಂದೆ ಕುಳಿತವನು ಈ ನೆಲದ ಅನಾದಿಕಾಲದ ಅನ್ನವನ್ನೇ ಉಣ್ಣುವನೆಂದೂ ನಮ್ಮಲ್ಲಿ ಅನೇಕರು ತಿಳಿದಿರುವರು. ಈ ಎರಡು ತಿಳಿವಳಿಕೆಗಳೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ.

ಮೊದಲು ಬಿರಿಯಾನಿಯ ಮಾತು. ದಿಂಡಿಗಲ್ಲಿನದು ಹೈದರಾಬಾದು, ಲಖನೌಗಳ ನವಾಬೀ ಪಾಕದ ಒರಟು ಅನುಕರಣವೆಂದೂ, ನೀಳವಾದ ಬಾಸ್ಮತಿಯಿಲ್ಲದ್ದು ಬಿರಿಯಾನಿಯೇ ಅಲ್ಲವೆಂದೂ ಹೇಳುವವರುಂಟು. ಎಲೆಯ ಮೇಲಿನ ಅನ್ನವನ್ನು ಒಮ್ಮೆ ಬಾಗಿ ನೋಡಿದರೆ ಸಾಕು, ಆ ಮಾತು ಬಿದ್ದುಹೋಗುವುದು: ಜೀರಿಗೆಯಷ್ಟೇ ಸಣ್ಣನೆಯ, ಮಾಂಸದ ರಸವನ್ನು ಒಳಕ್ಕೆ ಹೀರಿಕೊಂಡು ಮೃದುವಾದರೂ ಮುದ್ದೆಗಟ್ಟದ ಸೀರಗ ಸಾಂಬಾ ಅಕ್ಕಿಯ ಅಗುಳುಗಳು, ಅವುಗಳ ನಡುವೆ ಚಿಕ್ಕಚಿಕ್ಕದಾಗಿ ಕತ್ತರಿಸಿದ ಆಡಿನ ಮಾಂಸದ ತುಂಡುಗಳು, ಮೊಸರು ಮತ್ತು ನಿಂಬೆಯಿಂದ ಬಂದ ಮಿತವಾದ ಹುಳಿ. ಇದು ತಮಿಳು ನೆಲದ ಅಕ್ಕಿಯನ್ನೇ ಆಧಾರವಾಗಿಟ್ಟುಕೊಂಡು ಬೆಳೆದ ಸ್ವತಂತ್ರ ಪಾಕ. ಆದರೆ ಇದನ್ನು ಪುರಾತನವೆನ್ನುವುದೂ ಸರಿಯಲ್ಲ. ಊರಿನ ಹೆಸರನ್ನು ದೂರದೂರಕ್ಕೆ ಒಯ್ದ ತಲಪ್ಪಾಕಟ್ಟಿ ಹೋಟೆಲನ್ನು ನಾಗಸಾಮಿ ನಾಯ್ಡು ಎಂಬವರು 'ಆನಂದ ವಿಲಾಸ'ವೆಂಬ ಹೆಸರಿನಿಂದ ತೆರೆದದ್ದು 1957ರಲ್ಲಿ. ಅವರು ಸುತ್ತುತ್ತಿದ್ದ ರುಮಾಲು ಹೋಟೆಲಿನ ಹೆಸರಾಯಿತೇ ಹೊರತು, ಅದು ಯಾವ ಪ್ರಾಚೀನ ಪಾಕಶಾಸ್ತ್ರದ ಪರಿಭಾಷೆಯೂ ಅಲ್ಲ.

ಈ ಬಿರಿಯಾನಿಯ ಖಾರವೆಲ್ಲ ಕೆಂಪು ಮೆಣಸಿನಕಾಯಿಯದೆಂದು ಭಾವಿಸುವುದು ಇನ್ನೊಂದು ಭ್ರಾಂತಿ. ಗಂಟಲಿನ ಹಿಂಭಾಗದಲ್ಲಿ ಮೆಲ್ಲನೆ ಏರಿ ಬಹುಹೊತ್ತು ನಿಲ್ಲುವ ಆ ಬಿಸಿಯಲ್ಲಿ ಕರಿಮೆಣಸಿನ ಪಾಲು ದೊಡ್ಡದು. ಕರಿಮೆಣಸಾದರೋ ಪಶ್ಚಿಮಘಟ್ಟದ ಸ್ವಂತ ಸಂತಾನ. ಮೆಣಸಿನಕಾಯಿ ಹಾಗಲ್ಲ. ಪೋರ್ಚುಗೀಸರ ಹಡಗುಗಳು ಬಂದ ಮೇಲೆ, ಹದಿನಾರನೆಯ ಶತಮಾನದಲ್ಲಿ, ಅದು ನಮ್ಮ ದೇಶವನ್ನು ಹೊಕ್ಕಿತು. ಪುರಂದರದಾಸರ ಹೆಸರಿನಲ್ಲಿ ಪ್ರಚಲಿತವಾದ ಕೀರ್ತನೆಯೊಂದರಲ್ಲಿ ಅದರ ವರ್ಣನೆ ಬಂದಿದೆಯೆಂದರೆ, ಆ ಅತಿಥಿ ಎಷ್ಟು ಶೀಘ್ರವಾಗಿ ಮನೆಯವನಾದನೆಂಬುದನ್ನು ಊಹಿಸಬಹುದು. ಇಲ್ಲಿಯೂ ಒಂದು ಎಚ್ಚರಿಕೆ ಅವಶ್ಯ: ಮೆಣಸಿನಕಾಯಿಯ ಕುಲಮೂಲ ದಕ್ಷಿಣ ಅಮೆರಿಕದ್ದಾದರೂ, ನಾವು ಬಳಸುವ ಸಾಮಾನ್ಯ ಜಾತಿಯನ್ನು ಮೊದಲು ಪಳಗಿಸಿದವರು ಮೆಕ್ಸಿಕೋದ ಜನ. ಪೆರುವಿನವರು ಮೆಚ್ಚುವ ಹಳದಿ ಮೆಣಸಿನಕಾಯಿ, ಆಹಿ ಅಮರಿಯೋ, ಬೇರೆಯೇ ಜಾತಿ. ಅದರಲ್ಲಿ ಉರಿಗಿಂತ ಹಣ್ಣಿನ ಪರಿಮಳ ಮುಂದು.

ಪೆರುವಿಗೆ ನಿಸ್ಸಂದೇಹವಾಗಿ ಸಲ್ಲತಕ್ಕ ಕೀರ್ತಿ ಆಲೂಗಡ್ಡೆಯದು. ಕೊಡೈಕಾನಲ್ ಸುತ್ತಣ ಮೇಲ್ಪಳನಿ ಬೆಟ್ಟಗಳ ಮೆಟ್ಟಿಲುಹೊಲಗಳಲ್ಲಿ ಬೆಳ್ಳುಳ್ಳಿಯೊಡನೆ ಬೆಳೆಯುವ ಈ ಗಡ್ಡೆಯನ್ನು ಬಿಳಿಯರ ಗಿರಿಧಾಮಗಳ ನೆನಪಿನಿಂದಲೋ ಏನೋ ಇಂಗ್ಲಿಷರ ತರಕಾರಿಯೆಂದು ಕರೆಯುವ ವಾಡಿಕೆಯಿದೆ. ಇಂಗ್ಲಿಷರು ಅದರ ಹೆಸರನ್ನು ಕೇಳುವುದಕ್ಕೆ ಸಹಸ್ರಾರು ವರ್ಷಗಳ ಮೊದಲೇ ಟಿಟಿಕಾಕಾ ಸರೋವರದ ಆಸುಪಾಸಿನ ಆಂಡಿಸ್ ರೈತರು ಕಹಿಯೂ ವಿಷಯುತವೂ ಆದ ಕಾಡುಗಡ್ಡೆಯನ್ನು ಆರಿಸಿ ಆರಿಸಿ ಬಿತ್ತಿ ಅನ್ನವನ್ನಾಗಿ ಮಾಡಿದ್ದರು. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವನ್ನು 1971ರಲ್ಲಿ ಲಿಮಾ ನಗರದಲ್ಲಿ ಸ್ಥಾಪಿಸಿದ್ದು ಉಚಿತವೇ. ದಿಂಡಿಗಲ್ಲಿನ ಬಳಿಯ ಒಡ್ಡನ್‌ಛತ್ರದ ತರಕಾರಿ ಪೇಟೆಯಲ್ಲಿ ರಾಶಿ ಬೀಳುವ ಟೊಮೇಟೊವಿನ ಕಾಡುಪೂರ್ವಜರೂ ಆ ಪರ್ವತಗಳ ಕಡೆಯವರೇ.

ಹಾಗೆಂದು ಪೆರುವಿನ ಊಟವೆಲ್ಲ ಇಂಕಾ ಅರಸರ ಕಾಲದ್ದೆಂದು ತಿಳಿದರೆ ಅದೂ ಪ್ರಮಾದವೇ. ಆ ದೇಶದ ಅಭಿಮಾನದ ಖಾದ್ಯವಾದ ಸೆವಿಚೆಯಲ್ಲಿ ಮೀನಿನ ತುಂಡುಗಳ ಮೇಲೆ ಹಿಂಡುವ ನಿಂಬೆಯೂ, ತೆಳುವಾಗಿ ಹೆಚ್ಚಿ ಹರಡುವ ಈರುಳ್ಳಿಯೂ, 1532ರಲ್ಲಿ ಸ್ಪೇನಿನ ದಂಡನಾಯಕ ಪಿಜಾರೋ ಬಂದ ಮೇಲೆ ಸ್ಪ್ಯಾನಿಷರ ಮೂಲಕ ಅಲ್ಲಿಗೆ ತಲುಪಿದ ನಮ್ಮ ಕಡೆಯ ಸಾಮಗ್ರಿಗಳು. ನಿಂಬೆರಸವು ಮೀನನ್ನು ಬೇಯಿಸಿಬಿಡುತ್ತದೆಂಬ ಮಾತಂತೂ ಅಪಾಯಕರ. ಆಮ್ಲವು ಮಾಂಸದ ಪ್ರೋಟೀನನ್ನು ಗಟ್ಟಿಗೊಳಿಸಿ ಬಿಳುಪೇರಿಸುವುದರಿಂದ ಬೆಂದಂತೆ ಕಾಣುವುದೇ ಹೊರತು, ಬೆಂಕಿಯಂತೆ ಅದು ರೋಗಾಣುಗಳನ್ನೂ ಪರೋಪಜೀವಿಗಳನ್ನೂ ನಾಶಮಾಡಲಾರದು. ಮೀನು ಅತ್ಯಂತ ತಾಜಾ ಆಗಿರಬೇಕು. ಗರ್ಭಿಣಿಯರೂ ದುರ್ಬಲ ದೇಹಸ್ಥಿತಿಯವರೂ ಅದನ್ನು ವರ್ಜಿಸಬೇಕು.

ಇತ್ತ ನಮ್ಮ ಎಲೆಯ ಅನ್ನದ ಮಾತಿಗೆ ಮರಳಿ, ದಿಂಡಿಗಲ್ಲಿನಿಂದ ತೇನಿಯನ್ನು ದಾಟಿ ಕಂಬಂ ಕಣಿವೆಗೆ ಇಳಿದರೆ, ಕಣ್ಣಿಗೆ ತುಂಬುವ ಎರಡು ಬೆಳೆಯ ಭತ್ತದ ಗದ್ದೆಗಳನ್ನು ಸನಾತನವೆಂದು ಬಗೆಯುವ ಪ್ರವಾಸಿಗನೂ ಸಿಗುವನು. ಪೆನ್ನಿಕ್ವಿಕ್ ಎಂಬ ಇಂಜಿನಿಯರನ ನೇತೃತ್ವದಲ್ಲಿ ಕಟ್ಟಿದ ಮುಲ್ಲಪೆರಿಯಾರ್ ಅಣೆಕಟ್ಟು 1895ರಲ್ಲಿ ಪೆರಿಯಾರ್ ನದಿಯ ನೀರನ್ನು ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದ ಮೇಲೆ ಕಣಿವೆಗೆ ಬಂದ ಸಮೃದ್ಧಿ ಅದು.

ಪೆರುವಿನ ಭೋಜನಶಾಲೆಗೆ ಹೋಗುವ ಓದುಗರಲ್ಲಿ ನನ್ನದೊಂದು ವಿನಂತಿ: ಹೊಸತೇನಿದೆಯೆಂದು ಹುಡುಕುವುದಕ್ಕೆ ಮೊದಲು, ಬೇಯಿಸಿದ ಆಲೂಗಡ್ಡೆಯ ಮೇಲೆ ಹಳದಿ ಮೆಣಸಿನಕಾಯಿ ಮತ್ತು ಚೀಸಿನ ಗೊಜ್ಜನ್ನು ಸುರಿದ 'ಪಾಪಾ ಅ ಲಾ ವಾಂಕಾಯಿನ'ವನ್ನು ತರಿಸಿಕೊಳ್ಳಿ, ನಮ್ಮ ಪಲ್ಯದ ಗಡ್ಡೆಯನ್ನು ಅದರ ತವರಿನ ರೀತಿಯಲ್ಲಿ ಒಮ್ಮೆ ಉಂಡು ನೋಡಿ.