‘ದೇವಕುಮಾರ’: ಒಂದು ನಂಬಿಕೆಯ ಬೇರುಗಳು

ಟರ್ಕಿಯ ಇಸ್ತಾಂಬುಲ್ ನಗರದಿಂದ ಆಗ್ನೇಯಕ್ಕೆ ಇಜ್ನಿಕ್ ಎಂಬ ಸಣ್ಣ ಊರಿದೆ. ಊರಿಗೆ ತಾಗಿಕೊಂಡೇ ಅದೇ ಹೆಸರಿನ ದೊಡ್ಡ ಸರೋವರ. 2014ರಲ್ಲಿ ಆಕಾಶದಿಂದ ತೆಗೆದ ಛಾಯಾಚಿತ್ರಗಳಲ್ಲಿ ದಡದ ಸಮೀಪವೇ, ನೀರಿನ ತಳದಲ್ಲಿ, ಪುರಾತನ ಚರ್ಚೊಂದರ ತಳಪಾಯದ ಗೆರೆಗಳು ಸ್ಪಷ್ಟವಾಗಿ ಕಾಣಿಸಿಕೊಂಡವು. 2025ರ ನವೆಂಬರ್ 28ರಂದು ಪೋಪ್ ಹದಿನಾಲ್ಕನೆಯ ಲಿಯೋ ಹಾಗೂ ಆರ್ಥೊಡಾಕ್ಸ್ ಕ್ರೈಸ್ತರ ಧರ್ಮಗುರು ಬಾರ್ತಲೊಮಿಯೊ ಆ ಅವಶೇಷಗಳ ಬಳಿ ಜೊತೆಯಾಗಿ ನಿಂತು ಪ್ರಾರ್ಥಿಸಿದರು. ಸಾವಿರ ವರ್ಷಗಳ ಹಿಂದೆಯೇ ಬೇರೆಯಾದ ಎರಡು ಕವಲುಗಳನ್ನು ಅಲ್ಲಿಗೆ ಕರೆತಂದದ್ದು 1700 ವರ್ಷ ಹಳೆಯ ಒಂದು ಪ್ರಶ್ನೆ: ಯೇಸು ಯಾರು?

ಇಜ್ನಿಕ್‌ನ ಹಳೆಯ ಹೆಸರು ನಿಕೇಯ. ಕ್ರಿ.ಶ. 325ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆದ ಸಭೆಗೆ ಸುಮಾರು ಮುನ್ನೂರು ಬಿಷಪ್‌ಗಳು ಇಲ್ಲಿ ಸೇರಿದ್ದರು. ಯೇಸು ದೇವರ ಮಗ, ತಂದೆಯಾದ ದೇವರೊಡನೆ ಒಂದೇ ಸತ್ವವುಳ್ಳವನು ಎಂದು ಅವರು ಘೋಷಿಸಿದರು. ಇಂದು ಮಂಗಳೂರು, ಮೈಸೂರು, ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡದಲ್ಲಿ ಹೇಳುವ ನಿಕೇಯ ವಿಶ್ವಾಸಪ್ರಮಾಣದ ಮೂಲ ಆ ಸಭೆಯಲ್ಲಿದೆ.

ಹಾಗಾದರೆ ಈ ನಂಬಿಕೆಗೆ ಆಧಾರವೇನು? ಸಭೆಯೊಂದರ ತೀರ್ಮಾನವೇ? ಚಕ್ರವರ್ತಿಯ ಆಜ್ಞೆಯೇ? ಅಥವಾ ಅದಕ್ಕೂ ಹಿಂದಿನ ಬೇರೇನಾದರೂ ಇದೆಯೇ?

‘ಮಗ’ ಎಂದರೆ ಏನು?

ಮೊದಲು ಪದದ ವಿಚಾರ. ಕನ್ನಡ ಬೈಬಲ್ ‘ದೇವಕುಮಾರ’ ಎಂದು ಕರೆಯುವಾಗ ಅದು ಶರೀರ ಸಂಬಂಧದ ಮಾತಲ್ಲ. ದೇವರು ಮನುಷ್ಯರಂತೆ ಸಂಸಾರ ಹೂಡಿ ಮಗನನ್ನು ಪಡೆದನೆಂದು ಯಾವ ಕ್ರೈಸ್ತನೂ ಹೇಳುವುದಿಲ್ಲ. ಯೆಹೂದ್ಯರ ಧರ್ಮಗ್ರಂಥಗಳಲ್ಲಿ ಇಸ್ರೇಲ್ ಜನಾಂಗವನ್ನೂ, ದಾವೀದನ ವಂಶದ ರಾಜನನ್ನೂ ದೇವರ ಮಗನೆಂದು ಕರೆದಿರುವುದುಂಟು. ರೋಮನ್ನರಲ್ಲಂತೂ ಇದು ಚಕ್ರವರ್ತಿಯ ಬಿರುದಾಗಿತ್ತು. ಯೇಸುವಿನ ಕಾಲದಲ್ಲಿ ಚಲಾವಣೆಯಲ್ಲಿದ್ದ ಬೆಳ್ಳಿಯ ನಾಣ್ಯದ ಮೇಲೆ, ತಿಬೇರಿಯಸ್ ದೊರೆಯು ದೈವತ್ವಕ್ಕೇರಿದ ಅಗಸ್ಟಸನ ಮಗನೆಂಬ ಒಕ್ಕಣೆ ಇತ್ತು. ಅಂಥ ಕಾಲದಲ್ಲಿ, ಶಿಲುಬೆಗೇರಿಸಿ ಕೊಲ್ಲಲ್ಪಟ್ಟ ಬಡಗಿಯೊಬ್ಬನನ್ನು ಅದೇ ಹೆಸರಿನಿಂದ ಕರೆಯುವುದು ಧೈರ್ಯದ ಮಾತು. ಅಪಾಯದ ಮಾತೂ ಹೌದು.

ಆದರೆ ಕ್ರೈಸ್ತರು ಹೇಳುವುದು ಬಿರುದಿಗಿಂತ ಹೆಚ್ಚಿನದನ್ನು. ದೇವರು ಹೇಗಿದ್ದಾನೆಂಬುದು ಯೇಸುವಿನಲ್ಲಿ ಪೂರ್ಣವಾಗಿ ಕಾಣುತ್ತದೆ, ಅವನಲ್ಲಿ ಬಂದವನು ದೇವದೂತನೂ ಅಲ್ಲ, ಪ್ರವಾದಿ ಮಾತ್ರವೂ ಅಲ್ಲ, ಸ್ವತಃ ದೇವರೇ ಎಂಬುದು ಅವರ ನಂಬಿಕೆ. ಭಾರತೀಯ ಓದುಗರಿಗೆ ಇಲ್ಲಿ ಅವತಾರದ ಕಲ್ಪನೆ ನೆನಪಾಗುವುದು ಸಹಜ. ಆದರೆ ಇದು ಯುಗಯುಗದಲ್ಲೂ ಮರುಕಳಿಸುವಂಥದಲ್ಲ, ಒಂದೇ ಸಲ ನಡೆದದ್ದು ಎಂದು ಕ್ರೈಸ್ತರು ವ್ಯತ್ಯಾಸ ಹೇಳುತ್ತಾರೆ.

ನಿಕೇಯಕ್ಕೂ ಮುಂಚೆ

ಯೇಸುವನ್ನು ದೇವರನ್ನಾಗಿ ಮಾಡಿದ್ದು ನಿಕೇಯ ಸಭೆಯ ಮತದಾನ ಎಂಬ ಮಾತು ಬಹಳ ಪ್ರಚಾರದಲ್ಲಿದೆ. 2003ರಲ್ಲಿ ಪ್ರಕಟವಾದ ಡ್ಯಾನ್ ಬ್ರೌನ್ ಅವರ ‘ದ ಡಾ ವಿಂಚಿ ಕೋಡ್’ ಕಾದಂಬರಿ ಅದನ್ನು ಮನೆಮನೆಗೂ ತಲುಪಿಸಿತು. ಆದರೆ ದೊರೆತಿರುವ ಸಾಕ್ಷ್ಯ ಬೇರೆಯೇ ಹೇಳುತ್ತದೆ.

ನಿಕೇಯ ಇದ್ದದ್ದು ಬಿಥಿನಿಯ ಪ್ರಾಂತದಲ್ಲಿ. ಸಭೆಗೆ ಇನ್ನೂರು ವರ್ಷಗಳಿಗಿಂತ ಹಿಂದೆ, ಕ್ರಿ.ಶ. 112ರ ಸುಮಾರಿಗೆ, ಅದೇ ಪ್ರಾಂತಕ್ಕೆ ಪ್ಲಿನಿ ಎಂಬ ವಿದ್ವಾಂಸ ರಾಜ್ಯಪಾಲನಾಗಿದ್ದ. ಕ್ರೈಸ್ತರೆಂಬ ಆಪಾದನೆಯ ಮೇಲೆ ಅವನೆದುರು ಜನರನ್ನು ತಂದು ನಿಲ್ಲಿಸುತ್ತಿದ್ದರು. ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದವರಿಗೆ ಬಿಡುಗಡೆ. ಮೂರು ಬಾರಿ ಕೇಳಿದರೂ ಪಟ್ಟು ಬಿಡದವರಿಗೆ ಮರಣದಂಡನೆ. ಈ ಕ್ರಮ ಸರಿಯೇ ಎಂದು ಕೇಳಿ ಅವನು ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ಉಳಿದುಬಂದಿದೆ. ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಸೇರಿ, ಕ್ರಿಸ್ತನನ್ನು ದೇವರೆಂದು ಭಾವಿಸಿ ಹಾಡುತ್ತಾರೆ ಎಂಬ ಮಾಹಿತಿ ಅದರಲ್ಲಿದೆ. ಸತ್ಯ ಹೊರಡಿಸಲು ಕ್ರೈಸ್ತ ಸಭೆಯಲ್ಲಿ ಸೇವೆಯ ಹೊಣೆ ಹೊತ್ತಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದಾಗಿಯೂ, ಮಿತಿಮೀರಿದ ಮೂಢನಂಬಿಕೆಯ ಹೊರತು ಬೇರೇನೂ ಸಿಗಲಿಲ್ಲವೆಂದೂ ಅವನು ಬರೆದಿದ್ದಾನೆ.

ಇಸ್ರೇಲಿನ ಮೆಗಿದ್ದೊ ಎಂಬಲ್ಲಿ ಸೆರೆಮನೆಯ ಆವರಣವನ್ನು ಅಗೆಯುವಾಗ 2005ರಲ್ಲಿ ಬೆಳಕಿಗೆ ಬಂದ ಪ್ರಾರ್ಥನಾಮಂದಿರದ ನೆಲಹಾಸು ಇನ್ನೊಂದು ಸಾಕ್ಷಿ. ಮೂರನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಆ ಬಣ್ಣದ ಕಲ್ಲುಗಳ ಚಿತ್ತಾರದಲ್ಲಿ, ಅಕೆಪ್ತೌಸ್ ಎಂಬ ಮಹಿಳೆ ದೇವರಾದ ಯೇಸುಕ್ರಿಸ್ತನಿಗೆ ಮೇಜೊಂದನ್ನು ಅರ್ಪಿಸಿದಳೆಂಬ ಗ್ರೀಕ್ ಬರಹವಿದೆ. ರೋಮ್ ನಗರದ ಪಲಟೈನ್ ಗುಡ್ಡದಲ್ಲಿ ಗೋಡೆಯ ಮೇಲೆ ಯಾರೋ ಕುಚೇಷ್ಟೆಗೆ ಗೀಚಿದ ಚಿತ್ರವೂ ಇದನ್ನೇ ಹೇಳುತ್ತದೆ: ಶಿಲುಬೆಯ ಮೇಲೆ ಕತ್ತೆಮೋರೆಯ ಆಕೃತಿ, ಕೆಳಗೆ ಕೈಯೆತ್ತಿ ನಿಂತ ಮನುಷ್ಯ, ಅಲೆಕ್ಸಮೆನೋಸ್ ಎಂಬವನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂಬ ಅಣಕದ ಬರಹ. ಅಂದರೆ ಭಕ್ತಿ ಮೊದಲು ಬಂತು, ಸೂತ್ರ ಆಮೇಲೆ.

ಸಾಕ್ಷಿಗಳ ಮಾತು

ಆ ಭಕ್ತಿಯಾದರೂ ಎಲ್ಲಿಂದ ಹುಟ್ಟಿತು? ಇದಕ್ಕೆ ಕ್ರೈಸ್ತರು ಕೊಡುವ ಮೊದಲ ಕಾರಣ ಯೇಸುವಿನ ನಡೆನುಡಿ. ಪ್ರವಾದಿಗಳು ದೇವರ ಹೆಸರಿನಲ್ಲಿ ಮಾತನಾಡಿದರೆ ಯೇಸು ತನ್ನದೇ ಅಧಿಕಾರದಿಂದ ಮಾತನಾಡಿದ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಬಡಿದವನೊಬ್ಬನನ್ನು ಮಾಡು ತೆಗೆದು ಮೇಲಿನಿಂದ ಇಳಿಸಿದಾಗ, ಅವನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದುಬಿಟ್ಟ. ದೇವರೊಬ್ಬನೇ ಮಾಡಬಹುದಾದ ಕೆಲಸ ಇದು ಎಂದು ಅಲ್ಲಿದ್ದ ಶಾಸ್ತ್ರಿಗಳು ಕೆರಳಿದರೆಂದು ಮಾರ್ಕನ ಸುವಾರ್ತೆ ಹೇಳುತ್ತದೆ. ದೇವರನ್ನು ಅವನು ಕರೆದದ್ದು ‘ಅಬ್ಬ’ ಎಂದು. ಅದು ಅರಮಾಯಿಕ್ ಭಾಷೆಯಲ್ಲಿ ಮನೆಮಕ್ಕಳು ತಂದೆಯನ್ನು ಕರೆಯುವ ಪದ. ನಮ್ಮ ‘ಅಪ್ಪ’ನಿಗೆ ಕಿವಿಗೂ ಹತ್ತಿರ, ಅರ್ಥಕ್ಕೂ ಹತ್ತಿರ. ಕೊನೆಗೆ ವಿಚಾರಣೆಯಲ್ಲಿ ನೀನು ದೇವಕುಮಾರನೋ ಎಂದು ಮಹಾಯಾಜಕ ಕೇಳಿದಾಗ ಯೇಸು ಹೌದೆಂದ. ದೈವನಿಂದೆಯ ಆರೋಪಕ್ಕೆ ಆ ಉತ್ತರವೇ ಸಾಕಾಯಿತು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಪುನರುತ್ಥಾನ. ಯೇಸು ಸತ್ತು ಸುಮಾರು ಇಪ್ಪತ್ತೈದು ವರ್ಷಗಳ ಮೇಲೆ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿಯಿದೆ: ಪೇತ್ರ, ಹನ್ನೆರಡು ಮಂದಿ ಶಿಷ್ಯರು, ಒಟ್ಟಿಗೇ ಕಂಡ ಐನೂರಕ್ಕೂ ಹೆಚ್ಚು ಜನ, ಯಾಕೋಬ, ಕೊನೆಯಲ್ಲಿ ತಾನು. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಅವನು ಸೇರಿಸುತ್ತಾನೆ. ಬೇಕಾದವರು ಹೋಗಿ ಕೇಳಬಹುದು ಎಂಬ ಧ್ವನಿ ಆ ಮಾತಿನಲ್ಲಿದೆ. ಪಟ್ಟಿಯಲ್ಲಿರುವ ಇಬ್ಬರ ಹೆಸರು ಕುತೂಹಲಕರ. ಪೌಲನು ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದವನು. ಯಾಕೋಬನು ಯೇಸುವಿನ ಸಹೋದರ. ಯೇಸು ಬದುಕಿದ್ದಾಗ ಅವನ ಸಹೋದರರು ಅವನನ್ನು ನಂಬಿರಲಿಲ್ಲವೆಂದು ಯೋಹಾನನ ಸುವಾರ್ತೆಯೇ ಒಪ್ಪಿಕೊಳ್ಳುತ್ತದೆ. ಅದೇ ಯಾಕೋಬ ಮುಂದೆ ಜೆರುಸಲೇಮಿನ ಕ್ರೈಸ್ತರ ಮುಖಂಡನಾದ. ಕ್ರಿ.ಶ. 62ರಲ್ಲಿ ಅವನನ್ನು ಕಲ್ಲೆಸೆದು ಕೊಲ್ಲಿಸಿದ ಸಂಗತಿಯನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಜೊತೆಯಲ್ಲಿ ಬೆಳೆದ ಅಣ್ಣತಮ್ಮಂದಿರನ್ನು ದೇವರ ಮಗನೆಂದು ನಂಬಿಸುವುದು ಸುಲಭದ ಕೆಲಸವೇ ಎಂದು ಕ್ರೈಸ್ತರು ಕೇಳುತ್ತಾರೆ.

ಮೂರನೆಯದು, ಬರಿದಾದ ಸಮಾಧಿಯನ್ನು ಮೊದಲು ಕಂಡವರು ಯಾರೆಂಬ ಸಂಗತಿ. ನಾಲ್ಕು ಸುವಾರ್ತೆಗಳೂ ಮಗ್ದಲದ ಮರಿಯಳನ್ನು ಹೆಸರಿಸುತ್ತವೆ. ಹೆಂಗಸರ ಸಾಕ್ಷ್ಯಕ್ಕೆ ಅಷ್ಟಾಗಿ ಬೆಲೆಯಿಲ್ಲದ ಕಾಲ ಅದು. ಕಥೆ ಕಟ್ಟುವವರಾಗಿದ್ದರೆ ಊರ ಹಿರಿಯರನ್ನು ಸಾಕ್ಷಿಗೆ ನಿಲ್ಲಿಸುತ್ತಿದ್ದರಲ್ಲವೇ ಎಂಬುದು ವಾದ.

ನಾಲ್ಕನೆಯದು, ನಂಬಿದವರು ಎಂಥವರೆಂಬುದು. ಮೊದಲ ಶಿಷ್ಯರೆಲ್ಲ ಯೆಹೂದ್ಯರು. ದೇವರು ಒಬ್ಬನೇ ಎಂಬುದನ್ನು ಎದೆಹಾಲಿನೊಂದಿಗೆ ಕುಡಿದವರು. ಮನುಷ್ಯನಿಗೆ ಅಡ್ಡಬೀಳುವುದು ಅವರಿಗೆ ಮಹಾಪಾಪ. ಅಂಥವರು ತಮ್ಮೊಡನೆ ಉಂಡು ಮಲಗಿದವನಿಗೆ ದೇವರ ಗೌರವ ಸಲ್ಲಿಸತೊಡಗಿದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು.

ಸಂದೇಹದ ಮಾತು

ಈ ವಾದಗಳನ್ನು ಎಲ್ಲರೂ ಒಪ್ಪುವುದಿಲ್ಲ. ಸುವಾರ್ತೆಗಳು ಬರವಣಿಗೆಗೆ ಇಳಿದದ್ದು ಘಟನೆ ನಡೆದು ಹಲವು ದಶಕಗಳ ನಂತರ. ಅಷ್ಟರಲ್ಲಿ ನೆನಪಿನ ಜೊತೆ ಭಕ್ತಿಯೂ ಬೆರೆತಿರುತ್ತದೆ ಎನ್ನುವ ಇತಿಹಾಸಕಾರರಿದ್ದಾರೆ. ಶಿಷ್ಯರು ಕಂಡದ್ದು ದುಃಖದಲ್ಲಿ ಮೂಡಿದ ದರ್ಶನ ಎನ್ನುವವರೂ ಉಂಟು. ಯೇಸುವನ್ನು ಪ್ರವಾದಿಯೆಂದು ಗೌರವಿಸುವ ಇಸ್ಲಾಂ ಅವನು ದೇವರ ಮಗನೆಂಬುದನ್ನು ನಿರಾಕರಿಸುತ್ತದೆ. ದೇವರು ಒಬ್ಬನೇ ಎಂಬ ನಿಲುವಿನಿಂದ ಯೆಹೂದ್ಯರೂ ಒಪ್ಪುವುದಿಲ್ಲ. ಸಾಕ್ಷಿಗಳು ಪ್ರಾಣ ಕೊಟ್ಟರೆಂಬುದು ಅವರ ಪ್ರಾಮಾಣಿಕತೆಯನ್ನು ತೋರಿಸೀತು, ನಂಬಿದ್ದು ಸತ್ಯವೆಂದು ಸಿದ್ಧಪಡಿಸದು ಎಂಬ ಆಕ್ಷೇಪವೂ ತೂಕದ್ದೇ.

ಇದು ಲೆಕ್ಕದ ಪ್ರಮೇಯದಂತೆ ಸಾಧಿಸಿ ತೋರಿಸುವ ವಿಷಯವಲ್ಲ ಎಂದು ವಿಚಾರವಂತ ಕ್ರೈಸ್ತರೇ ಒಪ್ಪುತ್ತಾರೆ. ಅವರು ಬಳಸುವ ಪದ ‘ವಿಶ್ವಾಸ’. ಒಬ್ಬ ವ್ಯಕ್ತಿಯ ಮೇಲೆ ಭರವಸೆ ಇಡುವಾಗ ಕಾರಣಗಳಿರುತ್ತವೆ. ಆದರೆ ಕಾರಣಗಳು ಮುಗಿದ ಮೇಲೂ ಇಡಬೇಕಾದ ಒಂದು ಹೆಜ್ಜೆ ಉಳಿದಿರುತ್ತದೆ.

ಪದವೊಂದರ ಬೆಲೆ

ಇಷ್ಟಾದರೂ ನಿಕೇಯದಲ್ಲಿ ಜಗಳವಾದದ್ದೇಕೆ? ಈಜಿಪ್ತಿನ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್‌ನೂ ಯೇಸುವನ್ನು ದೇವರ ಮಗನೆಂದೇ ಕರೆಯುತ್ತಿದ್ದ. ಆದರೆ ಆ ಮಗ ಸೃಷ್ಟಿಗಳಲ್ಲಿ ಮೊದಲನೆಯವನು, ಅವನಿಗೂ ಒಂದು ಆರಂಭವಿತ್ತು, ತಂದೆಗೆ ಅವನು ಸಮಾನನಲ್ಲ ಎಂಬುದು ಅವನ ಬೋಧನೆ. ದೇವರ ಏಕತ್ವಕ್ಕೆ ಕುಂದು ಬರಬಾರದೆಂಬ ಕಾಳಜಿ ಅದರ ಹಿಂದಿತ್ತು. ಅವನ ಬಿಷಪ್ ಅಲೆಕ್ಸಾಂಡರ್ ಇದನ್ನು ವಿರೋಧಿಸಿದ. ಬಿಷಪ್‌ನೊಂದಿಗೆ ನಿಕೇಯಕ್ಕೆ ಬಂದಿದ್ದ ತರುಣ ಸಹಾಯಕ ಅಥನೇಸಿಯಸ್ ಮುಂದೆ ಆ ವಾದದ ಪ್ರಮುಖ ವಕ್ತಾರನಾದ.

ಅಥನೇಸಿಯಸ್‌ನ ವಾದದ ತಿರುಳು ಸರಳ. ಸೃಷ್ಟಿಗೆ ಸೇರಿದವನು ಸೃಷ್ಟಿಯನ್ನು ದೇವರೊಡನೆ ಸೇರಿಸಲಾರ. ಶಿಲುಬೆಯ ಮೇಲೆ ನೋವುಂಡವನು ದೇವರು ಕಳಿಸಿದ ಒಬ್ಬ ಆಳು ಮಾತ್ರವಾಗಿದ್ದರೆ, ದೇವರು ತಾನು ದೂರದಲ್ಲಿ ಕುಳಿತು ಇನ್ನೊಬ್ಬನನ್ನು ಸಾಯಲು ಕಳಿಸಿದಂತಾಯಿತು. ಅವನು ನಿಜವಾಗಿಯೂ ದೇವರಾಗಿದ್ದರೆ ಮಾತ್ರ, ಮನುಷ್ಯನ ಸಂಕಟಕ್ಕೆ ದೇವರೇ ಇಳಿದು ಬಂದನೆಂದು ಹೇಳಬಹುದು. ‘ಒಂದೇ ಸತ್ವ’ ಎಂಬ ಒಣ ಪದದ ಹಿಂದೆ ಇದ್ದದ್ದು ಇದು.

ಸಭೆಯಲ್ಲಿ ಕುಳಿತಿದ್ದ ಕೆಲವರಿಗೆ ಸಂಕಟ ಪುಸ್ತಕದ ಮಾತಾಗಿರಲಿಲ್ಲ. ಕಾದ ಕಬ್ಬಿಣದ ಶಿಕ್ಷೆಯಿಂದ ಎರಡೂ ಕೈಗಳ ಸ್ವಾಧೀನ ಕಳೆದುಕೊಂಡ ನಿಯೊಸಿಸೇರಿಯದ ಬಿಷಪ್ ಪೌಲ ಅಲ್ಲಿದ್ದನೆಂದು ಥಿಯೊಡೊರೆಟ್ ಎಂಬ ಇತಿಹಾಸಕಾರ ಬರೆದಿದ್ದಾನೆ.

ಇದೆಲ್ಲ ಚಕ್ರವರ್ತಿಯ ಒತ್ತಡ ಎನ್ನುವವರು ಮುಂದಿನ ಕಥೆಯನ್ನೂ ನೋಡಬೇಕು. ಆರಿಯಸ್ ಮತ್ತು ಅವನ ಪರ ನಿಂತ ಇಬ್ಬರು ಬಿಷಪ್‌ಗಳನ್ನು ಕಾನ್‌ಸ್ಟಂಟೈನ್ ಗಡೀಪಾರು ಮಾಡಿದ್ದು ನಿಜ. ಆದರೆ ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿತು. 337ರಲ್ಲಿ ಮರಣಶಯ್ಯೆಯಲ್ಲಿದ್ದ ಅದೇ ಚಕ್ರವರ್ತಿಗೆ ದೀಕ್ಷಾಸ್ನಾನ ಕೊಟ್ಟವನು ಆರಿಯಸ್‌ನ ಪಕ್ಷದ ಬಿಷಪ್. ಅಥನೇಸಿಯಸ್ ಐದು ಬಾರಿ ತನ್ನ ಊರು ಬಿಡಬೇಕಾಯಿತು. ನಿಕೇಯದ ನಂಬಿಕೆ 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಮತ್ತೆ ಗಟ್ಟಿಯಾಗುವವರೆಗಿನ ದಶಕಗಳಲ್ಲಿ ಹಲವು ವರ್ಷ ಅರಮನೆ ಅದರ ಎದುರು ಪಕ್ಷದಲ್ಲೇ ಇತ್ತು.

ಇಂದು ಕ್ರೈಸ್ತ ಮನೆಗಳಲ್ಲಿ ಹೆಚ್ಚಿನವರು ಈ ವಾದಗಳನ್ನೆಲ್ಲ ತೂಗಿ ನೋಡಿ ನಂಬಿದವರಲ್ಲ. ತಾಯಿ ಕಲಿಸಿದ ಪ್ರಾರ್ಥನೆ, ಕಾಯಿಲೆಯ ರಾತ್ರಿಯಲ್ಲಿ ಸಿಕ್ಕ ಸಮಾಧಾನ, ಕ್ಷಮಿಸಲು ಬಂದ ಶಕ್ತಿ, ಇವೇ ಅವರಿಗೆ ಆಧಾರ. ವಾದಗಳು ಆಮೇಲೆ, ಯಾರಾದರೂ ಕೇಳಿದಾಗ.

ಬಿಥಿನಿಯದ ಆ ಇಬ್ಬರು ದಾಸಿಯರ ಹೆಸರನ್ನು ಪ್ಲಿನಿ ಬರೆದಿಡಲಿಲ್ಲ. ‘ಒಂದೇ ಸತ್ವ’ ಎಂಬ ಪದ ಆಗಿನ್ನೂ ವಿಶ್ವಾಸಪ್ರಮಾಣಕ್ಕೆ ಬಂದಿರಲಿಲ್ಲ. ಅವರ ಬಳಿ ಇದ್ದದ್ದು ಮುಂಜಾನೆಯ ಒಂದು ಹಾಡು ಮತ್ತು ದಾಸರ ಸಾವು ಸತ್ತ ಒಬ್ಬನ ಮೇಲಿನ ಭರವಸೆ. ಮುನ್ನೂರು ಬಿಷಪ್‌ಗಳು ಅದೇ ಪ್ರಾಂತದಲ್ಲಿ ಕುಳಿತು ಪದಗಳನ್ನು ಹುಡುಕಿದ್ದು ಆ ಹಾಡಿಗಾಗಿ.